ಅಕ್ಕನ ಮಗಳನ್ನು ತರುವ ಮಾತು

ಪಾಲಹಳ್ಳಿಯ ಚಿಕ್ಕಬೋರಮ್ಮನ ಮನೆಯಲ್ಲಿ ಹಾಲು ಕರೆಯುವುದು ಕಿರಿಯ ಮಗ ಅಪ್ಪುವಿನ ಕೆಲಸ. ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬಂದಿಲ್ಲ. ಇಪ್ಪತ್ತು ದಾಟಿದ ಮೇಲೆ ಕಣ್ಣೂ ಮಂಜಾಗುತ್ತ ಬಂದು, ಈಗ ಬೆಳಕು ಕಡಿಮೆಯಾದರೆ ಏನೂ ಕಾಣದು. ಆದರೂ ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತನೆಂದರೆ ಅವನಷ್ಟು ಹದವಾಗಿ ಕರೆಯುವವರು ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಹಸು ಕಾಲೆತ್ತುವ ಮುಂಚೆಯೇ ಅದರ ಚರ್ಮ ಅದುರುವುದರಿಂದ ಅವನಿಗೆ ತಿಳಿದುಹೋಗುತ್ತಿತ್ತು. ಅವನು ಕರೆದಿಟ್ಟ ಹಾಲನ್ನು ಅಣ್ಣ ನಿಂಗರಾಜು ಡೇರಿಗೆ ಹಾಕಿ ಬರುತ್ತಿದ್ದ. ಕೊರೊನಾದ ಎರಡನೇ ಅಲೆಯಲ್ಲಿ ಬಸ್ಸು, ಸಂತೆ, ಕೋರ್ಟು, ಕಾಲೇಜು ಎಲ್ಲ ನಿಂತರೂ ಹಸುವಿನ ಕೆಚ್ಚಲಿಗೆ ಲಾಕ್‌ಡೌನ್ ಇಲ್ಲವಲ್ಲ; ಡೇರಿ ಮಾತ್ರ ನಡೆಯುತ್ತಿತ್ತು.

ನಿಂಗರಾಜುವಿಗೆ ಮೂವತ್ಮೂರಾದರೂ ಮದುವೆಯಾಗಿರಲಿಲ್ಲ. ಒಲ್ಲೆನೆಂದು ಕೂತವನಲ್ಲ, ಹೆಣ್ಣು ಸಿಕ್ಕಿರಲಿಲ್ಲ. ನಾಲೆ ನೀರಿನ ಗದ್ದೆ, ಸೀಮೆಹಸುಗಳು, ಹೆಂಚಿನ ಮನೆ ಇದ್ದವನಿಗೆ ಅವನಪ್ಪನ ಕಾಲದಲ್ಲಾಗಿದ್ದರೆ ಹೆಣ್ಣು ಕೊಡುವವರೇ ಬಾಗಿಲಿಗೆ ಬರುತ್ತಿದ್ದರು. ಈಗ ಹೆಣ್ಣಿನ ಕಡೆಯವರು ಗದ್ದೆ ಎಷ್ಟಿದೆ ಎಂದು ಕೇಳುತ್ತಿರಲಿಲ್ಲ. ಹುಡುಗ ಊರಲ್ಲಿರುತ್ತಾನೋ ಪೇಟೆಯಲ್ಲೋ ಎಂದು ಕೇಳಿ, ಊರಲ್ಲಿ ಎಂದರೆ ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ನಾಗಮಂಗಲದ ಕಡೆಯ ಒಂದು ಸಂಬಂಧ ವೀಳ್ಯದವರೆಗೂ ಬಂದಿತ್ತು. ಹುಡುಗಿಯ ಚಿಕ್ಕಪ್ಪ ಕೊಟ್ಟಿಗೆ ನೋಡುವ ನೆಪದಲ್ಲಿ ಅಪ್ಪುವನ್ನು ನೋಡಿಕೊಂಡು ಹೋದ. ಅದೂ ಮುರಿದುಬಿತ್ತು.

ಅಪ್ಪು ಹಾಗೆ ಹುಟ್ಟಿದ್ದಕ್ಕೆ ಚಿಕ್ಕಬೋರಮ್ಮ ಹೇಳುತ್ತಿದ್ದ ಕಾರಣ ಒಂದೇ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತಿಳಿಯದೆ ಕುಂಬಳಕಾಯಿ ಹೆಚ್ಚಿಬಿಟ್ಟಿದ್ದಳು. ಅಪ್ಪುವಿಗೆ ಮುಂಚೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವಲ್ಲ, ಅದಕ್ಕೆ? ಅದಕ್ಕೆ ಬೇರೆ ಕಾರಣವಿತ್ತು, ನಾಗರ ದೋಷ. ಅವಳ ಗಂಡ ಮರಿಯಯ್ಯ ಅವಳ ಅವ್ವನ ಸ್ವಂತ ತಮ್ಮ. ಅಕ್ಕನ ಮಗಳನ್ನು ತಂದುಕೊಳ್ಳುವುದು ಆ ಸೀಮೆಯಲ್ಲಿ ಎಷ್ಟು ಸಹಜವೆಂದರೆ ಯಾವ ಕಾರಣದ ಪಟ್ಟಿಯಲ್ಲೂ ಅದು ಸೇರುತ್ತಿರಲಿಲ್ಲ.

ನಿಂಗರಾಜುವಿಗೆ ಮಾತ್ರ ಗೊತ್ತಿತ್ತು. ಅಪ್ಪುವಿನ ಕಣ್ಣು ಮಂಜಾಗತೊಡಗಿದಾಗ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ. ಅಲ್ಲಿನ ಡಾಕ್ಟರು ಅಪ್ಪ ಅಮ್ಮನಿಗೆ ಏನು ಸಂಬಂಧ ಎಂದು ಕೇಳಿದರು. ಹೇಳಿದ. "ರಕ್ತಸಂಬಂಧದಲ್ಲಿ ಆದವರ ಮಕ್ಕಳಿಗೆಲ್ಲ ಹೀಗಾಗುತ್ತೆ ಅಂತಲ್ಲ. ಒಂದು ಮನೆತನದೊಳಗೆ ಕಣ್ಣಿಗೆ ಕಾಣದ ಹಾಗೆ ಇರೋ ದೋಷ, ಅಪ್ಪ ಅಮ್ಮ ಇಬ್ಬರಿಂದಲೂ ಬಂದು ಕೂಡಿದರೆ ಹೀಗಾಗುತ್ತೆ. ದೂರದ ಸಂಬಂಧವಾಗಿದ್ದರೆ ಕೂಡೋ ಸಂಭವ ಬಲು ಕಡಿಮೆ," ಎಂದರು. ಮನೆಗೆ ಬಂದಾಗ ಮರಿಯಯ್ಯ ಜಗಲಿಯಲ್ಲಿ ಕೂತಿದ್ದ. ಡಾಕ್ಟರು ಏನಂದರೆಂದು ಕೇಳಿದ. "ಏನೂ ಅನ್ನಲಿಲ್ಲ, ಡ್ರಾಪ್ಸ್ ಕೊಟ್ಟವ್ರೆ," ಎಂದ ನಿಂಗರಾಜು. ಮುಂದೆ ಅಪ್ಪ ತೀರಿಕೊಂಡ. ಆಮೇಲೂ ಅವ್ವನಿಗೆ ಹೇಳಬೇಕೆನಿಸಲಿಲ್ಲ.

ಮನೆಯ ಹಿರಿಯ ಮಗಳು ಸಾಕಮ್ಮ. ಚಿಕ್ಕಬೋರಮ್ಮನಿಗೆ ತಮ್ಮಂದಿರಿಲ್ಲದ ಕಾರಣ ಸಾಕಮ್ಮನನ್ನು ಹೊರಗೆ ಕೊಡಬೇಕಾಗಿ ಬಂದಿತ್ತು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಅವಳ ಗಂಡನ ಊರು. ಹೇಮಾವತಿ ದಡದಲ್ಲಿ ಗದ್ದೆ ಮಾಡಿಕೊಂಡಿದ್ದ ಪುಟ್ಟಸ್ವಾಮಿಗೆ ಒಬ್ಬಳೇ ಮಗಳು, ಅನು. ಅವಳು ಹುಟ್ಟಿದಾಗ ನಿಂಗರಾಜು ಹೈಸ್ಕೂಲು ಹುಡುಗ. ಬಾಣಂತಿಯ ಕೋಣೆಯಿಂದ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದ ಹೆಂಗಸರು, "ತಕ್ಕಳ್ಳಾ, ನಿನ್ ಎಂಡ್ತಿ," ಎಂದು ನಕ್ಕಿದ್ದರು. ಆಮೇಲೆ ಅನು ನಡೆಯಲು ಕಲಿತಾಗ, ಮಾತು ಕಲಿತಾಗ, ಶಾಲೆಗೆ ಸೇರಿದಾಗಲೂ ಅದೇ ತಮಾಷೆ. ಅವನು ಅಕ್ಕಿಹೆಬ್ಬಾಳಿಗೆ ಹೋದರೆ, "ನಿನ್ ಗಂಡ ಬಂದ ಕಣೆ, ನೀರು ಕೊಡು," ಎನ್ನುತ್ತಿದ್ದರು. ಅವನು ನಗುತ್ತಿದ್ದ. ತಮಾಷೆಯೆಂದುಕೊಂಡಿದ್ದ.

ಏಪ್ರಿಲ್ ಕೊನೆಯಲ್ಲಿ ಪುಟ್ಟಸ್ವಾಮಿಗೆ ಜ್ವರ ಬಂತು. ಉಸಿರು ಹತ್ತದಾದಾಗ ಆಂಬುಲೆನ್ಸಿನಲ್ಲಿ ಹೋದವನು ಮತ್ತೆ ಮನೆಗೆ ಬರಲಿಲ್ಲ. ಸಾಯುವ ಹಿಂದಿನ ದಿನ ಆಸ್ಪತ್ರೆಯಿಂದ ನಿಂಗರಾಜುವಿಗೆ ಫೋನು ಬಂತು. ನರ್ಸೊಬ್ಬಳು ಭಾವನ ಕಿವಿಗೆ ಹಿಡಿದಿದ್ದಳೆಂದು ಕಾಣುತ್ತದೆ. "ನಿಂಗರಾಜು... ಅನೂನ ನಿನ್ ಕೈಗಾಕಿವ್ನಿ ಕಣಪ್ಪ... ನೋಡ್ಕೊ," ಎಂದ ಪುಟ್ಟಸ್ವಾಮಿ. ಆಮೇಲೆ ಬರೀ ಉಸಿರು ಕೇಳಿಸಿತು. ಹೆಣವನ್ನು ಮನೆಯವರಿಗೆ ಕೊಡಲಿಲ್ಲ. ತಾಲ್ಲೂಕಿನ ಗಡಿಯಲ್ಲಿ ಬ್ಯಾರಿಕೇಡು ಹಾಕಿದ್ದರಿಂದ ಪಾಲಹಳ್ಳಿಯವರಿಗೆ ಮಣ್ಣಿಗೂ ಹೋಗಲಾಗಲಿಲ್ಲ, ತಿಥಿಗೂ ಹೋಗಲಾಗಲಿಲ್ಲ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಿಕ್ಕಬೋರಮ್ಮ ಮಗನ ತಟ್ಟೆಗೆ ಸೊಪ್ಪಿನ ಸಾರು ಬಿಡುತ್ತ ಮಾತು ತೆಗೆದಳು.

"ಎಣ್ಣ ಮನೇಲೇ ಮಡಿಕ್ಕಂಡು ಊರೂರು ಅಲೀತಿದ್ವಲ್ಲ, ನಮ್ಗೆ ಬುದ್ಧಿ ಇರ್ನಿಲ್ಲ ಕಣ್ಲಾ. ಅನೂನ ತಂದ್ಕಳದು. ಅಪ್ಪ ಸತ್ತ ವರ್ಸದೊಳ್ಗೆ ಕನ್ಯಾಸೆರೆ ಬುಡಿಸ್ಬೇಕು. ಇಲ್ದಿದ್ರೆ ಮೂರು ವರ್ಸ ಮದ್ವೆ ಮಾಡಂಗಿಲ್ಲ."

ನಿಂಗರಾಜು ಮುದ್ದೆ ಮುರಿದವನು ಕೈಯಲ್ಲೇ ಹಿಡಿದುಕೊಂಡ. "ಅವ್ಳು ಓದ್ತಾವ್ಳೆ ಕಣವ್ವ."

"ಪರೀಕ್ಸೆನೇ ಇಲ್ಲ, ಎಲ್ರೂ ಪಾಸು ಅಂತ ಟಿವೀಲಿ ಯೋಳುದ್ರಲ್ಲ. ಪರೀಕ್ಸೆ ಇಲ್ದ ಓದು ಯಾವ ಓದ್ಲಾ?"

"ನಾನು ಅವ್ಳಿಗಿಂತ ಎಷ್ಟು ದೊಡ್ಡೋನು?"

"ನಿಮ್ಮಪ್ಪ ನಂಗಿಂತ ಇನ್ನೂ ದೊಡ್ಡೋರು. ಏನಾಯ್ತು? ನಾ ಬಾಳ್ನಿಲ್ವಾ?" ಚಿಕ್ಕಬೋರಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಪುಟ್ಟಸ್ವಾಮಿ ಸಾಯುವಾಗ ನಿನ್ ಕೈಗಾಕಿವ್ನಿ ಅಂದ. ಅದ್ಕೇನ್ಲಾ ಅರ್ಥ? ಸಾಯೋರ ಮಾತ ಮೀರ್ದೋರು ಉದ್ಧಾರಾದದ್ದುಂಟಾ? ವರಗಿನ ಎಣ್ಣು ಬಂದ್ರೆ ಅಪ್ಪೂಗೆ ಒಂದೊತ್ತು ಇಟ್ಟು ಆಕ್ತಾಳಾ? ಅನು ಆಕ್ತಾಳೆ. ಅವ್ಳವ್ವನೂ ಇಲ್ಗೇ ಬಂದು ಇರ್ಲಿ. ಮನೆ ದೀಪ ಮನೇಲೇ ಉರೀತದೆ."

ಅವಳ ಮಾತಿನಲ್ಲಿ ಕೇಡಿರಲಿಲ್ಲ. ಒಂದೇ ಮದುವೆಯಲ್ಲಿ ವಿಧವೆ ಮಗಳಿಗೆ ಆಸರೆ, ಮೊಮ್ಮಗಳಿಗೆ ಗಂಡ, ದೊಡ್ಡ ಮಗನಿಗೆ ಹೆಂಡತಿ, ಚಿಕ್ಕ ಮಗನಿಗೆ ಕೂಳು ಹಾಕುವವಳು ಎಲ್ಲವೂ ಸಿಗುವಾಗ ಯಾವ ತಾಯಿ ಬೇಡವೆಂದಾಳು? ಕೆಟ್ಟ ಸಂಪ್ರದಾಯಗಳನ್ನು ಕೆಟ್ಟವರೇ ನಡೆಸುತ್ತಾರೆಂದುಕೊಂಡರೆ ತಪ್ಪಾಗುತ್ತದೆ. ಬಹಳಷ್ಟು ಸಲ ಅವು ಮನೆಯವರ ಹಿತ ಬಯಸುವವರ ಕೈಯಲ್ಲೇ ಸಾಗಿ ಬರುತ್ತವೆ.

ಸಂಜೆ ಸಾಕಮ್ಮ ಫೋನಿನಲ್ಲಿ ಅತ್ತಳು. "ತಮ್ಮಾ, ಅವ್ಳು ನಿನ್ ಮನೆ ಸೇರುದ್ರೆ ನಾನು ಕಣ್ಮುಚ್ಚಿ ನಿದ್ದೆ ಮಾಡ್ತೀನಿ ಕಣೋ." ನಿಂಗರಾಜು ಏನೂ ಹೇಳಲಿಲ್ಲ. ಅಕ್ಕಿಹೆಬ್ಬಾಳಿನಲ್ಲಿ ಅನುವೂ ಏನೂ ಹೇಳಲಿಲ್ಲವಂತೆ. ಗಂಡು ಸುಮ್ಮನಿದ್ದರೆ ಒಪ್ಪಿಗೆ, ಹೆಣ್ಣು ಸುಮ್ಮನಿದ್ದರೆ ನಾಚಿಕೆ; ಇವೆರಡನ್ನು ಬಿಟ್ಟು ಮೌನಕ್ಕೆ ಮೂರನೆಯ ಅರ್ಥ ನಮ್ಮ ಮನೆಗಳಲ್ಲಿ ಇಲ್ಲ. ಮದುವೆಗೆ ದಿನ ನೋಡಿದರು. ಮನೆ ಮುಂದೆ ಚಪ್ಪರ, ಸರ್ಕಾರ ಬಿಟ್ಟಷ್ಟು ಜನ, ಊಟಕ್ಕೆ ಅನ್ನ ಪಾಯಸ. ಲಾಕ್‌ಡೌನಿನಲ್ಲಿ ಮದುವೆ ಎಷ್ಟು ಸಲೀಸು ಎಂದು ಚಿಕ್ಕಬೋರಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ನಿಂಗರಾಜುವಿಗೆ ಒಲ್ಲೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಹೊರಟರೆ ಡಾಕ್ಟರ ಮಾತು ಹೇಳಬೇಕು. ಅದನ್ನು ಹೇಳಿದರೆ, ಸತ್ತ ಕೂಸುಗಳಿಗೂ ಅಪ್ಪುವಿನ ಕತ್ತಲೆಗೂ ಅವ್ವನ ಮದುವೆಯೇ ಕಾರಣ ಎಂದು ಅವ್ವನ ಮುಖಕ್ಕೇ ಹೇಳಿದ ಹಾಗೆ. ಬೇರೆ ಯಾರಾದರೂ ಈ ಮದುವೆಯನ್ನು ತಡೆದರೆ ಸಾಕಿತ್ತು.

ಡೇರಿಯ ಗೋಡೆಗೆ ಯಾರೋ ಒಂದು ಕಾಗದ ಅಂಟಿಸಿದ್ದರು. ಕಾನೂನು ಸೇವಾ ಸಮಿತಿಯದು. ಕೋರ್ಟು ಮುಚ್ಚಿದ್ದರೂ ಸಲಹೆ ಬೇಕಾದವರು ಮನೆಯಿಂದಲೇ ಫೋನು ಮಾಡಬಹುದು, ವಕೀಲರು ಉಚಿತವಾಗಿ ಮಾತಾಡುತ್ತಾರೆ ಎಂದಿತ್ತು. ನಿಂಗರಾಜು ನಾಲೆಯ ಏರಿಯ ಮೇಲೆ ಕೂತು ಆ ನಂಬರು ಒತ್ತಿದ. ಹೆಸರು, ಊರು ಬರೆದುಕೊಂಡ ಗುಮಾಸ್ತರು ವಕೀಲರೇ ಕರೆ ಮಾಡುತ್ತಾರೆ ಎಂದರು. ಮಾರನೆಯ ದಿನ ಕರೆ ಬಂತು.

"ನಾನು ಜೀನತ್, ಸಮಿತಿಯ ಪ್ಯಾನಲ್ ವಕೀಲೆ. ಗಂಜಾಂನಿಂದ ಮಾತಾಡ್ತಿದೀನಿ. ಏನು ವಿಷಯ ಹೇಳಿ." ಹಿಂದೆ ಕುಕ್ಕರು ಕೂಗಿತು. "ಅಮ್ಮೀ, ಜರಾ ಗ್ಯಾಸ್ ಬಂದ್ ಕರೋ," ಎಂದು ಆಕೆ ಬಾಯಿ ತಿರುಗಿಸಿ ಹೇಳಿದ್ದೂ ಕೇಳಿಸಿತು.

"ಒಂದು ಮದ್ವೆ ನಿಲ್ಲಿಸ್ಬೇಕಿತ್ತು ಮೇಡಂ."

"ಹುಡುಗಿ ವಯಸ್ಸೆಷ್ಟು?"

"ಅದಿನೆಂಟು ತುಂಬ್ತು, ಯುಗಾದಿ ಆದ್ಮೇಲೆ."

"ಹುಡುಗ ಯಾರು?"

"ನಾನೇ ಮೇಡಂ."

ಜೀನತ್ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ಆ ಲಾಕ್‌ಡೌನಿನಲ್ಲಿ ಮದುವೆ ನಿಲ್ಲಿಸಿ ಎಂದು ಹುಡುಗಿಯರು, ಟೀಚರುಗಳು, ಆಶಾ ಕಾರ್ಯಕರ್ತೆಯರು ಫೋನು ಮಾಡಿದ್ದರು. ಮದುಮಗನೇ ಮಾಡಿದ್ದು ಇದೇ ಮೊದಲು. "ಪೂರ್ತಿ ಹೇಳಿ," ಎಂದಳು. ನಿಂಗರಾಜು ಹೇಳಿದ. ಡಾಕ್ಟರ ಮಾತನ್ನೂ ಹೇಳಿದ. ಕೊನೆಗೆ, "ಅಕ್ಕನ ಮಗ್ಳನ್ನ ಆಗ್ಬಾರ್ದು ಅಂತ ಕಾನೂನು ಐತಾ ಮೇಡಂ?" ಎಂದು ಕೇಳಿದ.

"ಇದೆ. ಹಿಂದೂ ಮದುವೆ ಕಾಯ್ದೆಯಲ್ಲಿ ಅಂಥ ಹತ್ತಿರದ ಸಂಬಂಧ ಕೂಡದು ಅಂತಾನೇ ಇದೆ."

ನಿಂಗರಾಜು ಕೂತಲ್ಲಿಂದ ಎದ್ದು ನಿಂತ. "ಅಂಗಾರೆ ಅದ್ನೇ ಒಂದು ನೋಟೀಸು ಮಾಡಿ ಕಳ್ಸ್ಬುಡಿ ಮೇಡಂ, ನಮ್ಮವ್ವನ ಎಸ್ರಿಗೆ."

"ಪೂರ್ತಿ ಕೇಳಿ ನಿಂಗರಾಜು ಅವರೇ. ಅದೇ ಸಾಲಿನಲ್ಲೇ, ಸಂಪ್ರದಾಯ ಒಪ್ಪಿದರೆ ಆಗಬಹುದು ಅಂತಲೂ ಇದೆ. ನಿಮ್ಮಲ್ಲಿ ಸಂಪ್ರದಾಯ ಒಪ್ಪುತ್ತೆ. ಹಾಗಾಗಿ ಕಾನೂನು ಅಡ್ಡ ಬರಲ್ಲ."

"ಕೂಡ್ದು ಅಂತ್ಲೇ ನೀವು ಬರ್ದ್ರೆ ಅವ್ರಿಗೇನ್ ಗೊತ್ತಾಯ್ತದೆ?"

"ಸುಳ್ಳು ನೋಟೀಸು ಕೊಡೋಕೆ ಸಮಿತಿ ನನ್ನ ಕೂರಿಸಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನೊಂದು ಕೇಳ್ತೀನಿ. ಹುಡುಗಿ ಏನಂತಾಳೆ?"

ನಿಂಗರಾಜು ಇಷ್ಟು ದಿನ ಅವ್ವನ ಮನಸ್ಸು, ಅಕ್ಕನ ಕಷ್ಟ, ಸತ್ತ ಭಾವನ ಮಾತು, ತನ್ನ ಸಂಕಟ ಎಲ್ಲವನ್ನೂ ಲೆಕ್ಕ ಹಾಕಿದ್ದ. ಅನುವನ್ನು ಕೇಳಿರಲಿಲ್ಲ.

"ಕೇಳಿ," ಎಂದಳು ಜೀನತ್. "ಅವಳಿಗೆ ಬೇಡ ಅಂದರೆ ನನಗೆ ಫೋನು ಮಾಡಲಿ. ವಕೀಲರನ್ನ ಕೊಡಬೇಕಾದರೆ ಗಂಡಸರ ಆದಾಯ ಕೇಳ್ತಾರೆ, ಹೆಂಗಸರನ್ನ ಏನೂ ಕೇಳಲ್ಲ. ಒಪ್ಪಿಗೆಯಿಲ್ಲದೆ ಬಲವಂತವಾಗಿ ಕಟ್ಟಿದ ತಾಳಿಯನ್ನ ಕೋರ್ಟು ರದ್ದು ಮಾಡುತ್ತೆ. ಆದರೆ ಅಲ್ಲೀತನಕ ಯಾಕೆ ಹೋಗಬೇಕು? ನೀವು ಒಲ್ಲೆ ಅಂದರೆ ಮುಗೀತಲ್ಲ. ಅದಕ್ಕೆ ಕಾನೂನೇ ಬೇಡ."

ಅಕ್ಕಿಹೆಬ್ಬಾಳಿಗೆ ಹೋಗುವಂತಿರಲಿಲ್ಲ, ಪಾಂಡವಪುರದಾಚೆ ಪೊಲೀಸರು ಎಲ್ಲರನ್ನೂ ತಿರುಗಿಸಿ ಕಳಿಸುತ್ತಿದ್ದರು. ಅನುವಿನ ಬಳಿ ಆನ್‌ಲೈನ್ ಕ್ಲಾಸಿಗೆಂದು ಅಪ್ಪ ಕೊಡಿಸಿದ ಫೋನಿತ್ತು. ನಿಂಗರಾಜು ಅದಕ್ಕೆ ಕರೆ ಮಾಡಿದ. ಅವಳು ಎತ್ತಿದಳು.

"ಅನು, ನಿಂಗೆ ಈ ಮದ್ವೆ ಇಷ್ಟಾನಾ?"

"ನಿಂಗೆ ಇಷ್ಟ ಅಲ್ವಾ?"

"ಯಾರಂದ್ರು?"

"ಅಜ್ಜಿ. ನಿಂಗೆ ಬೋ ಇಷ್ಟ, ಅದ್ಕೇ ಇಷ್ಟು ವರ್ಷ ಯಾರನ್ನೂ ಒಪ್ಪಿಲ್ಲ ಅಂದ್ಲು."

ನಿಂಗರಾಜುವಿಗೆ ನಾಚಿಕೆಯಾಯಿತು. ಅವನಿಗೂ ಅವ್ವ, ಅನು ಖುಷಿಯಾಗಿದ್ದಾಳೆ ಎಂದೇ ಹೇಳಿದ್ದಳು. "ನಂಗಿಷ್ಟ ಇಲ್ಲ ಕಣವ್ವ," ಎಂದ.

 ಆಮೇಲೆ ಅವಳು ಒಂದೇ ಸಮನೆ ಮಾತಾಡಿದಳು. "ನಿನ್ ಮೇಲೆ ಕೋಪ ಬಂದಿತ್ತು ಮಾವ. ಅಪ್ಪು ಮಾವನ್ನ ನೋಡ್ಕೋಬೇಕಲ್ಲ ಅಂತ ಅಲ್ಲ. ಅವ್ನನ್ನ ನೋಡ್ಕೋತೀನಿ, ಅದ್ಕೆ ಮದ್ವೆ ಯಾಕೆ? ಅಪ್ಪ ಸತ್ತೋದ. ನೀನೂ ಗಂಡ ಆಗ್ಬುಟ್ರೆ ನಂಗೆ ಮಾವ ಅಂತ ಯಾರು ಇರ್ತಾರೆ? ಏನಾದ್ರೂ ಆದ್ರೆ ನಾನು ಯಾರತ್ರ ಯೋಳ್ಕೊಳ್ಳಲಿ?"

ನಿಂಗರಾಜು ಜೀನತ್ ನಂಬರು ಕೊಟ್ಟ. ಅನು ಆವತ್ತೇ ಫೋನು ಮಾಡಿದಳು. ಪಕ್ಕದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಜೀನತ್ ಅವಳ ಮಾತನ್ನೆಲ್ಲ ಕೇಳಿದಳು. ಪೊಲೀಸರಿಗೆ ಹೇಳಬೇಕೋ, ಮನೆಯವರ ಜೊತೆ ಮಾತಾಡಬೇಕೋ ಎಂದು ಕೇಳಿದಾಗ, ಮನೆಯವರ ಜೊತೆ ಮಾತಾಡಿ ಎಂದಳು ಅನು. ಹೀಗೆ ಒಂದು ಬೆಳಿಗ್ಗೆ, ಹಾಲು ಡೇರಿಗೆ ಹೋದ ಮೇಲೆ, ವೀಡಿಯೋ ಕಾಲಿನಲ್ಲಿ ಸಂಧಾನಕ್ಕೆ ಕೂತರು. ಪಾಲಹಳ್ಳಿಯ ನಡುಮನೆಯಲ್ಲಿ ಕಂಬಕ್ಕೆ ಫೋನು ಒರಗಿಸಿ ಚಿಕ್ಕಬೋರಮ್ಮ, ನಿಂಗರಾಜು, ಅಕ್ಕಿಹೆಬ್ಬಾಳಿನಲ್ಲಿ ಸಾಕಮ್ಮ, ಅನು, ಗಂಜಾಂನಲ್ಲಿ ಜೀನತ್.

ಚಿಕ್ಕಬೋರಮ್ಮ ಪರದೆಯ ಕಡೆ ನೋಡದೆ ಅವರೆಕಾಳು ಆರಿಸುತ್ತ ಕೂತಳು. "ಸಾಬ್ರ ಉ‌ಡ್ಗಿ ನಮ್ಮನೆ ಮದ್ವೆ ವಿಸ್ಯ ಏನ್ ಬಲ್ಲೆಯವ್ವ ನೀನು?"

"ನಮ್ಮನೇಲೂ ಇದೇ ಅಜ್ಜಿ," ಎಂದಳು ಜೀನತ್. "ನಮ್ಮ ಅಮ್ಮಿಗೂ ಅಬ್ಬಾಗೂ ಅಣ್ಣತಮ್ಮಂದಿರ ಮಕ್ಕಳು ಅನ್ನೋ ಸಂಬಂಧ. ನಿಮ್ಮಲ್ಲಿ ಮಾವ, ನಮ್ಮಲ್ಲಿ ಚಾಚಾನ ಮಗ. ಆಸ್ಪತ್ರೆಯಲ್ಲಿ ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತಿರ್ತೀವಿ. ನಾನು ತೀರ್ಪು ಹೇಳೋಕೆ ಬಂದಿಲ್ಲ. ಅನು ಏನಂತಾಳೆ ಅಂತ ಎಲ್ಲರೂ ಒಟ್ಟಿಗೆ ಕೇಳೋಣ ಅಂತ ಬಂದಿದೀನಿ."

ಅನುವಿನ ಚಿತ್ರ ಅಲ್ಲಾಡದೆ ನಿಂತುಬಿಟ್ಟಿತು. ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡರು. ಆದರೆ ದನಿ ಬಂತು. "ನಂಗೆ ಬೇಡ ಅಜ್ಜಿ."

"ಬ್ಯಾಡ ಅನ್ನಕೆ ನೀನ್ಯಾರೇ?" ಸಾಕಮ್ಮನ ಕೂಗು, ಅದರ ಹಿಂದೆಯೇ ಏನೋ ಬಿದ್ದ ಸದ್ದು. ಚಿತ್ರ ಮರಳಿದಾಗ ಸಾಕಮ್ಮನ ಕೈ ಮೇಲೆದ್ದಿತ್ತು.

"ಸಾಕಮ್ಮ, ಕೈ ಇಳಿಸಿ," ಎಂದಳು ಜೀನತ್. "ಅವಳು ಬೇಡ ಅಂದಿದ್ದನ್ನ ನಾನು ಕೇಳಿಸಿಕೊಂಡೆ. ಇದಾದ ಮೇಲೂ ಬಲವಂತ ಮಾಡಿದರೆ ನಿಮ್ಮ ಮನೆಗೆ ಪೊಲೀಸರನ್ನ ಕಳಿಸಬೇಕಾಗುತ್ತೆ. ಯಜಮಾನರನ್ನ ಕಳಕೊಂಡಿರೋ ಮನೆ, ನನಗೆ ಅದು ಬೇಕಿಲ್ಲ."

"ಎಣ್ಣೈಕ್ಳು ಎಲ್ಲಾ ಬ್ಯಾಡ ಅಂತವೆ, ಆಮೇಕೆ ಬಾಳ್ತವೆ," ಎಂದಳು ಚಿಕ್ಕಬೋರಮ್ಮ, ಕಾಳಿನಿಂದ ಕಣ್ಣೆತ್ತದೆ. "ಗಂಡು ಊಂ ಅಂದವ್ನೆ, ಸಾಕು."

ಎಲ್ಲರೂ ನಿಂಗರಾಜುವಿನ ಮಾತಿಗೆ ಕಾದರು. ಅವನಿಗೆ ಕಾನೂನು ಇಲ್ಲ, ನೋಟೀಸು ಇಲ್ಲ, ಹಿಂದೆ ನಿಲ್ಲಲು ಬೇರೆ ಯಾರೂ ಇಲ್ಲ.

"ನಾನು ಊಂ ಅಂದಿಲ್ಲ ಕಣವ್ವ. ಸುಮ್ನಿದ್ದೆ. ನಾನು ಒಲ್ಲೆ."

ಚಿಕ್ಕಬೋರಮ್ಮನ ಕೈ ಮೊರದಲ್ಲೇ ನಿಂತಿತು. "ಯಾಕ್ಲಾ?"

"ಅವ್ಳು ನನ್ ಅಕ್ಕನ ಮಗ್ಳು. ನನ್ ಕೈ ಮ್ಯಾಲೆ ಬೆಳ್ದೋಳು. ಅಂಗೇ..." ಅವನು ತಡೆದ. ಆಮೇಲೆ ತಡೆಯಲಿಲ್ಲ. "ಅಪ್ಪೂಗೆ ಇಂಗಾದದ್ದು ಗ್ರಹಣದಿಂದ ಅಲ್ಲ ಕಣವ್ವ. ರಕ್ತ ಒಂದೇ ಆದದ್ರಿಂದ. ಮೈಸೂರ್ ಡಾಕ್ಟ್ರು ಅವತ್ತೇ ಯೋಳಿದ್ರು. ಅಪ್ಪ ಇದ್ರು ಅಂತ ನಾನು ಬಾಯ್ಬುಡ್ನಿಲ್ಲ."

 ಫೋನಿನಲ್ಲಿ ಸಾಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಂಗಾರೆ," ಎಂದಳು ಚಿಕ್ಕಬೋರಮ್ಮ, "ನನ್ ಐಕ್ಳ ನಾನೇ ತಿಂದ್ಕಂಡ್ನಾ?"

"ನೀನಲ್ಲ ಕಣವ್ವ. ಮದ್ವೆ ಬೇಕಾ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?"

ಅವಳು ಮೊರದೊಳಗಿನ ಕಾಳಿಗೆ ಹೇಳುವವಳಂತೆ ಹೇಳಿದಳು. "ಮದ್ವೆ ಆದಾಗ ಅನ್ನೆಲ್ಡು ವರ್ಸ ನಂಗೆ. ಗದ್ದೆ ಬದೀಲಿ ಎಗಲ ಮ್ಯಾಲೆ ಕೂರಿಸ್ಕಂಡು ತಿರುಗ್ತಿದ್ದ ಮಾವ. ಧಾರೆ ಆದ್ಮ್ಯಾಕೂ ಅವ್ನು ಒಳಿಕ್ಕೆ ಬಂದ್ರೆ, ಮಾವ ಬಂದ ಅಂತ ಎದ್ದು ನಿಂತ್ಕತಿದ್ದೆ. ಕುಂತ್ಕೊ ಅನ್ನಕೆ ಅವ್ನಿಗೂ ಬಾಯಿ ಬರ್ದು. ಇಬ್ರೂ ಗೋಡೆ ನೋಡ್ತಿದ್ವು. ಎಷ್ಟೋ ವರ್ಸ ಅಂಗೇಯ. ಒಳ್ಳೇ ಮನ್ಸ, ಒಂದೇಟು ಒಡೀನಿಲ್ಲ." ಅವಳು ಒಂದು ಹುಳುಕು ಕಾಳನ್ನು ಆರಿಸಿ ಎಸೆದಳು. "ಬ್ಯಾಡ ಅನ್ನಬೌದು ಅಂತ ನಂಗೆ ಗೊತ್ತೇ ಇರ್ನಿಲ್ಲ."

 ಅಷ್ಟರಲ್ಲಿ ಅಪ್ಪು ಕೊಟ್ಟಿಗೆಯಿಂದ ಗೋಡೆ ಸವರಿಕೊಂಡು ಬಂದು, ಏನೂ ತಿಳಿಯದೆ, ತಾಯಿಯ ಪಕ್ಕ ಕೂತು ಮೊರಕ್ಕೆ ಕೈ ಹಾಕಿದ. ಅವನೂ ಕಾಳು ಆರಿಸುತ್ತಿದ್ದ, ಬೆರಳಿನಿಂದಲೇ. ಚಿಕ್ಕಬೋರಮ್ಮ ಅವನ ಕೈಯನ್ನೇ ನೋಡುತ್ತಿದ್ದವಳು ಎದ್ದು ಕಂಬದ ಬಳಿ ಹೋಗಿ ಫೋನನ್ನು ಬೋರಲು ಹಾಕಿದಳು.

ಮದುವೆ ನಿಂತಿತು. ಆದರೆ ಮನೆ ತಣ್ಣಗಾಗಲಿಲ್ಲ. ಸೋದರಮಾವನೇ ಅಕ್ಕನ ಮಗಳನ್ನು ಬೇಡವೆಂದರೆ ಆ ಹೆಣ್ಣಿನಲ್ಲಿ ಏನೋ ಐಬಿದೆ ಎಂದು ಜನ ಆಡಿಕೊಳ್ಳುತ್ತಾರೆ; ಸಾಕಮ್ಮ ಅದೇ ಮಾತು ಹಿಡಿದು, "ಇವತ್ತಿಂದ ನಂಗೆ ತಮ್ಮ ಇಲ್ಲ," ಎಂದಳು. ಪಾಲಹಳ್ಳಿಯಲ್ಲಿ ಡೇರಿಯ ಮುಂದೆ ನಿಂತವರು, "ಎಣ್ಣೇ ಸಿಗದ ಕಾಲ್ದಲ್ಲಿ ಮನೆಗ್ ಬಂದ ಎಣ್ಣ ಬುಟ್ನಲ್ಲ, ಇವ್ನೆಂಥ ಮಂಕ್ಲಾ," ಎಂದು ಅವನಿಗೆ ಕೇಳಿಸುವಂತೆಯೇ ಆಡಿಕೊಂಡರು. ಚಿಕ್ಕಬೋರಮ್ಮ ಅವನ ತಟ್ಟೆಗೆ ಮುದ್ದೆ ಹಾಕುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಜೀನತ್ ಬಿಡಲಿಲ್ಲ. ವಾರಕ್ಕೊಮ್ಮೆ ಅನುವಿಗೆ ಫೋನು ಮಾಡಿ ಹೇಗಿದ್ದೀ ಎಂದು ಕೇಳುತ್ತಿದ್ದಳು. ಸಾಕಮ್ಮನ ವಿಧವಾ ವೇತನಕ್ಕೂ ಗದ್ದೆಯ ಖಾತೆ ಅವಳ ಹೆಸರಿಗೆ ಆಗುವುದಕ್ಕೂ ಏನೇನು ಬೇಕೆಂದು ಅಕ್ಕಿಹೆಬ್ಬಾಳಿಗೇ ಫೋನಿನಲ್ಲಿ ಹೇಳಿಕೊಟ್ಟಳು. ಮೊದಲೆರಡು ಸಲ ಸಾಕಮ್ಮ ಕರೆ ಕತ್ತರಿಸಿದಳು, ಮೂರನೆಯ ಸಲ ಕೇಳಿಸಿಕೊಂಡಳು. ಮಗಳ ಮದುವೆಯಿಂದ ಸಿಗುತ್ತದೆ ಎಂದುಕೊಂಡಿದ್ದ ಆಸರೆಯಲ್ಲಿ ಒಂದು ಪಾಲಾದರೂ ತನ್ನ ಹಕ್ಕಿನಿಂದಲೇ ಸಿಗುವುದೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಗಡಿ ತೆರೆದ ಮೇಲೆ ನಿಂಗರಾಜು ಅಕ್ಕಿಹೆಬ್ಬಾಳಿಗೆ ಹೋದ. ಸಾಕಮ್ಮ ಅವನನ್ನು ಬಾ ಎನ್ನಲೂ ಇಲ್ಲ, ಬಾಗಿಲು ಹಾಕಲೂ ಇಲ್ಲ. ಅವನು ಪುಟ್ಟಸ್ವಾಮಿಯ ಗದ್ದೆಗೆ ನೀರು ಕಟ್ಟಿ, ನಾಟಿಗೆ ಆಳು ಗೊತ್ತು ಮಾಡಿ, ಸಂಜೆಗೆ ಹೊರಟು ಬಂದ. ಆಮೇಲೆಯೂ ಹಾಗೆಯೇ ಹೋಗಿ ಬರುತ್ತಿದ್ದ. ಅನುವನ್ನು ಮೈಸೂರಿನ ನರ್ಸಿಂಗ್ ಕಾಲೇಜಿಗೆ ಸೇರಿಸಲು ಹೋದವನೂ ಅವನೇ. ಅವನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಸಿಗುತ್ತದೆಂದು ಹೇಳಿ ಈ ಕಥೆಯನ್ನು ಸಿಹಿ ಮಾಡುವುದು ಸುಳ್ಳಾಗುತ್ತದೆ.

ಮಾಗಿ ಚಳಿ ಶುರುವಾದಾಗ ಹಿಂದಿನ ಬೀದಿಯ ಜವರಮ್ಮ ಎಲೆಅಡಿಕೆ ತಟ್ಟೆ ಹಿಡಿದುಕೊಂಡು ಚಿಕ್ಕಬೋರಮ್ಮನ ಜಗಲಿಗೆ ಬಂದಳು. ತನ್ನ ಕಿರಿಯ ಮಗನಿಗೆ ದೊಡ್ಡ ಮಗಳ ಹುಡುಗಿಯನ್ನೇ ತರುವುದೆಂದು ನಿಶ್ಚಯವಾಗಿತ್ತು. ಬೀದಿಗೆ ಹಿರಿಯಳಾದವಳ ಬಾಯಿಂದ ಒಳ್ಳೆಯ ಮಾತು ಬೇಕಿತ್ತು. ನಿಂಗರಾಜು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ, ಎಲ್ಲವೂ ಕೇಳಿಸುತ್ತಿತ್ತು.

"ಉ‌ಡ್ಗಿ ಏನಂದ್ಲು?" ಎಂದಳು ಚಿಕ್ಕಬೋರಮ್ಮ.

"ಯಾವ ಉ‌ಡ್ಗಿ?"

"ಮದ್ವೆ ಆಗೋಳು ಕಣೆ. ಅವ್ಳನ್ನ ಕೇಳ್ದಾ?"

ಜವರಮ್ಮ ನಕ್ಕಳು. "ಅವ್ಳನ್ನ ಏನ್ ಕೇಳಾದು ಬೋರಕ್ಕ, ಕೂಸು ಅದು."

"ಕೂಸಾದ್ರೆ ಮದ್ವೆ ಯಾಕ್ ಮಾಡಿಯೇ? ಓಗು, ಕೇಳ್ಕಂಡು ಬಾ. ಒಬ್ಳನ್ನೇ ಕೂರಿಸ್ಕಂಡು ಕೇಳು. ನಿನ್ ಮಗ್ಳ ಮುಂದೆ ಕೇಳ್ಬ್ಯಾಡ, ಯೋಳಕ್ಕಿಲ್ಲ." ಚಿಕ್ಕಬೋರಮ್ಮ ಎಲೆಅಡಿಕೆಯ ತಟ್ಟೆಯನ್ನು ಮುಟ್ಟದೆ ಜವರಮ್ಮನ ಕಡೆಗೆ ತಳ್ಳಿದಳು. "ಆಮೇಕೆ ಒಂದ್ಸಲ ಆಸ್ಪತ್ರೆ ಡಾಕ್ಟ್ರನ್ನೂ ಕೇಳು. ಇಲ್ದೆ ಓದ್ರೆ ಈ ತಟ್ಟೆ ಇಲ್ಲಿಗೆ ತರ್ಬ್ಯಾಡ."

ಜವರಮ್ಮ ತಟ್ಟೆ ಎತ್ತಿಕೊಂಡು, ಬೀದಿಯುದ್ದಕ್ಕೂ ಗೊಣಗುತ್ತ ಹೋದಳು. ನಿಂಗರಾಜು ಹುಲ್ಲಿನ ಹೊರೆ ಹಿಡಿದು ನಿಂತೇ ಇದ್ದ. ಚಿಕ್ಕಬೋರಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದು, ಅಪ್ಪುವಿನ ಹೆಗಲು ಮುಟ್ಟಿ ಊಟಕ್ಕೆಂದು ಸನ್ನೆ ಮಾಡಿ, ಅವನ ಕೈ ಹಿಡಿದುಕೊಂಡು ಒಳಗೆ ಹೋದಳು. ದೊಡ್ಡ ಮಗನ ಜೊತೆ ಅವತ್ತೂ ಅವಳು ಮಾತಾಡಲಿಲ್ಲ.